ಹೊಸ್ತಿಲಿನಾಚೆಯ ಹೆಬ್ಬೆರಳು

ಹೊಸ್ತಿಲಿಗೆ ಬಳಿದ ಅರಿಶಿಣ ಇನ್ನೂ ಹಸಿ, ಅದರಾಚೆ ಒಂದು ಕಾಲಿನ ಹೆಬ್ಬೆರಳು, ಧೂಳು ಹಿಡಿದ ಉಗುರು, ಮುಂದೆ ಬರುತ್ತಿಲ್ಲ, ಹಿಂದೆ ಸರಿಯುತ್ತಿಲ್ಲ — ಬಾರವ್ವಾ ಗಂಗೋತ್ರಿ, ಎಲ್ಲಾರೂ ನಿನ್ನ ದಾರಿ ನೋಡಾಕತ್ಯಾರ, ಅಂದೆ, ಇವತ್ತ ಬ್ಯಾಡ್ರಿ ಮ್ಯಾಡಂ, ಅಂದಳು, ಅಷ್ಟೇ, ತಲೆ ಎತ್ತಲಿಲ್ಲ, ಊದುಬತ್ತಿಯ ಹೊಗೆ ಕಂಪ್ಯೂಟರುಗಳ ಮೇಲೆ ಸುಳಿಯುತ್ತಿದೆ, ಒಂದೊಂದರ ಹಣೆಗೂ ವಿಭೂತಿ, ಮುಖ್ಯೋಪಾಧ್ಯಾಯ ಗಾದಿಲಿಂಗಪ್ಪನವರು ಹಚ್ಚಿದ್ದು, ಯಂತ್ರದಾಗೂ ಶಿವ ಅದಾನ್ರಿ, ಚಪ್ಪಲಿ ಹೊರಗ ಬಿಟ್ಟ ಬರ್ರಿ, ಅನ್ನುತ್ತಾರೆ, ಬಳ್ಳಾರಿಯಿಂದ ಬಂದ ಅಧಿಕಾರಿ ಅಕ್ಷೋಭ್ಯ ಅವರ ಬೂಟನ್ನೂ ಬಿಡಿಸಿದ್ದಾರೆ, ಕಾಲ್ಚೀಲಾನೂ ಬಿಚ್ಚಿದ್ರ ಚಲೋ ಇತ್ರಿ ಸಾಹೇಬ್ರ, ಹೆಂಗೂ ಹೆಬ್ಬೆಟ್ಟು ಹೊರಗ ಬಂದೈತಿ, ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು, ಅಕ್ಷೋಭ್ಯ ಮಾತ್ರ ನಗಲಿಲ್ಲ, ಗಡಿಯಾರ ನೋಡಿದರು, ನೋಡಿ ಅಂಜನಾ ಮೇಡಂ, ಹೆಣ್ಮಕ್ಕಳು ಕೂರದ ಕಂಪ್ಯೂಟರ್ ಇಲ್ಲಿ ಯಾಕೆ, ದಿನಾ ನಾಲ್ಕೈದು ಜನ ಗೈರು, ಬಳ್ಳಾರಿ ಶಾಲೆಯವರು ಇವನ್ನ ಕೇಳ್ತಿದಾರೆ, ಇವತ್ತು ಒಬ್ಬಳಾದ್ರೂ ಕೂತು ಮಾಡಿ ತೋರಿಸಲಿ, ಇಲ್ಲಾಂದ್ರೆ ಎಲ್ಲಾ ಹೇರಿಸಿಬಿಡ್ತೀನಿ — ಅಂಗಳದಲ್ಲಿ ಲಾರಿ ಗುರುಗುಡುತ್ತಿದೆ, ಡ್ರೈವರ್ ಎಂಜಿನ್ ಆರಿಸಿಯೇ ಇಲ್ಲ, ಮಾಡಿ ತೋರಿಸಬೇಕಾದವಳು ಗಂಗೋತ್ರಿಯೇ, ಕಾಲುವೆ ನೀರಿನ ಸರದಿಯನ್ನು ಹೊಲಹೊಲಕ್ಕೆ ಹಂಚುವ ಪ್ರೋಗ್ರಾಂ ತಾನೇ ಬರೆದವಳು, ಉಳಿದವರು ಇನ್ನೂ ಅಕ್ಷರ ಒತ್ತಲು ಕಲಿಯುತ್ತಿದ್ದಾರೆ, ಅವಳಿಲ್ಲದೆ ಯಾರು, ಆ ಹೆಬ್ಬೆರಳು ಅಲ್ಲೇ ಇದೆ.

ಇವತ್ತ ಬ್ಯಾಡ್ರಿ — ಈ ಮಾತನ್ನು ನಾನೂ ಆಡಿದ್ದೆ, ಕುರುಗೋಡಿನ ಮನೆ, ದೇವರಕೋಣೆಯ ಬಾಗಿಲು, ಮುಟ್ಟಾಗಿ ಹೊರಗೆ ನಿಂತ ನಾನು, ಒಳಗಿನಿಂದ ಅಜ್ಜಿ ದೊಡ್ಡಬಸಮ್ಮನ ನಗು, ಕೊರಳಾಗಿನ ಲಿಂಗ ಆ ದಿನ ತಾನಾಗಿ ಇಳದು ಕಟ್ಟಿಮ್ಯಾಲ ಕುಂದ್ರತೈತೇನಲೇ ಹುಚ್ಚಿ, ಲಿಂಗ ಕಟ್ಟಿದಾಕಿಗಿ ಎಲ್ಲಿ ಸೂತಕ, ಬಾ ಒಳಗ — ಶಿವಶಿವಾ, ಇದೇ, ಇದೇ ಕಾರಣ, ಸಿರುಗುಪ್ಪದಿಂದ ಕುರುಗೋಡಿನವರೆಗೆ ಶಾಲೆಶಾಲೆ ಸುತ್ತಿದೆ, ಹಳ್ಳಿಯ ಹುಡುಗಿಯರಿಗೆ ಕಂಪ್ಯೂಟರ್ ಯಾಕೆ ಎಟಕುತ್ತಿಲ್ಲ ಅನ್ನುವುದೇ ನನ್ನ ಸಂಶೋಧನೆ, ನನ್ನ ಕಾಯಕ, ಪ್ರಶ್ನೆಗಳಲ್ಲಿ ಕರೆಂಟು ಇತ್ತು, ಬಸ್ಸು ಇತ್ತು, ಅಪ್ಪನ ಒಪ್ಪಿಗೆ ಇತ್ತು, ಹೊಸ್ತಿಲು ಇರಲಿಲ್ಲ, ಇಲ್ಲಿ ಕಂಪ್ಯೂಟರ್ ಬಂದ ದಿನದಿಂದ ಪೂಜೆ ಮಾಡಿದೆವು, ಖೋಲಿ ದೇವರಕೋಣೆಯಾಯಿತು, ಆದಮೇಲೆ ತಿಂಗಳು ತಿಂಗಳೂ ಸರದಿಯಂತೆ ಹುಡುಗಿಯರು ಹೊರಗುಳಿದರು, ಯಾರೂ ತಡೆದಿರಲಿಲ್ಲ, ಯಾರೂ ಬೈದಿರಲಿಲ್ಲ, ಈಗ ಅಕ್ಷೋಭ್ಯರಿಗೆ ಹೇಳಲೇ, ಈ ಗಂಡಸರ ನಡುವೆ, ನಾಳೆ ಈ ಹುಡುಗಿ ನಾಚಿ ಶಾಲೆಗೇ ಬಾರದಿದ್ದರೆ, ಸುಮ್ಮನಿರಲೇ, ಲಾರಿ ಕಾದಿದೆ, ಒಂದು ಲ್ಯಾಪ್‌ಟಾಪ್ ಹೊರಗೇ ಒಯ್ದು ಕೊಡಲೇ, ಕೊಟ್ಟರೆ ಹೊಸ್ತಿಲು ಇನ್ನೊಂದು ಗೇಣು ಎತ್ತರವಾಗುತ್ತದೆ, ಕಿಬ್ಬೊಟ್ಟೆ ಹಿಂಡುತ್ತಿದೆ, ಬೆಳಿಗ್ಗೆ ಬಸ್ಸಿನಲ್ಲೇ ಶುರುವಾದ ನೋವು, ನನ್ನದೂ ಇವತ್ತೇ, ಆದರೂ ಬಂದೆ, ಕೈಕಾಲು ತೊಳೆದು ಒಳಗೆ ದೀಪ ಹಚ್ಚಿದೆ, ಯಾರೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ —

ಎದ್ದಿದ್ದೇನೆ, ಕಾಲು ತಾನಾಗಿ ಬಾಗಿಲ ಕಡೆ, ಮೇಡಂ ಟೈಮ್ ಆಯ್ತು, ಅನ್ನುತ್ತಿದ್ದಾರೆ ಅಕ್ಷೋಭ್ಯ, ಒಂದ ನಿಮಿಷ ತಡೀರಿ ಸಾಹೇಬ್ರ, ಹುಡುಗಿ ಹೆದರ್ಯಾಳ, ಗಾದಿಲಿಂಗಪ್ಪನವರ ದನಿ, ಪಾಪ ಅವರಿಗೇನು ಗೊತ್ತು, ಗಂಗೋತ್ರಿಯ ಕಿವಿಗೆ ಬಾಗಿದೆ, ಎಣ್ಣೆ ಹಚ್ಚಿದ ಜಡೆಯ ವಾಸನೆ, ನಾನೂ ಇವತ್ತ ನಿನ್ನಂಗ ಅದೀನವ್ವಾ, ಮುಟ್ಟಾಗೀನಿ, ಆ ದೀಪ ಹಚ್ಚಿದ್ದು ಇದ ಕೈ, ನೋಡು, ಆರೈತೇನು — ನನ್ನ ಕೈ ನೋಡಿದಳು, ಒಳಗೆ ನೋಡಿದಳು, ದೀಪ ನೆಟ್ಟಗೆ ಉರಿಯುತ್ತಿದೆ, ಲಾರಿಯ ಹಾರ್ನ್, ಮತ್ತೊಮ್ಮೆ, ಯಂತ್ರದಲ್ಲೂ ಇರುವ ಶಿವನೇ, ಇವಳಲ್ಲಿ ಇಲ್ಲವೇ ನೀನು, ಇದ್ದೀ, ಈಗ ಇವಳ ಕಾಲಲ್ಲಿ ಅಲುಗಾಡು, ಮ್ಯಾಡಂ ಖರೇನಾ, ಅಂದಳೋ, ಬರೀ ಉಸಿರೋ, ಖರೇ, ಅಂದೆ, ಕೆಳಗೆ ನೋಡುತ್ತೇನೆ, ಹೊಸ್ತಿಲು, ಹೆಬ್ಬೆರಳು, ಧೂಳು ಹಿಡಿದ ಉಗುರು, ಅದರ ತುದಿಗೆ ಈಗ ಹೊಸ್ತಿಲಿನ ಹಸಿ ಅರಿಶಿಣ