ಕೋಡಿಯಮ್ಮನಿಗೆ ಹಾಕಿದ ಪ್ರಶ್ನೆ

ಬುದ್ಧಿವಂತ ಎಂಬ ಹೆಸರು ನನಗೆ ಚಿಕ್ಕಂದಿನಲ್ಲೇ ಅಂಟಿಕೊಂಡಿತ್ತು. ಕೇಡಿಗೆ ಮೂಲ ಅದೇ. ಕೇಡು ನನಗೊಬ್ಬನಿಗೇ ಆಗಿದ್ದರೆ ಇದನ್ನು ಹೇಳುತ್ತಲೂ ಇರಲಿಲ್ಲ.

೧೯೭೮ರಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಗಡು ಒತ್ತುವ ಮೂರನೇ ಪ್ರೆಸ್ಸಿಗೆ ಆಗ ಕೆಟ್ಟ ರೋಗ ಹಿಡಿದಿತ್ತು. ಪೆಡಲನ್ನು ಒಂದು ಸಲ ಒತ್ತಿದರೆ ಮೇಲಿನ ಅಚ್ಚು ಒಮ್ಮೊಮ್ಮೆ ಎರಡು ಸಲ ಇಳಿಯುತ್ತಿತ್ತು. ಎರಡನೆಯ ಸಲ ಇಳಿಯುವಾಗ, ತಗಡು ತೆಗೆಯಲು ಹೋದ ಕೈ ಅದರ ಕೆಳಗಿರುತ್ತದೆ. ಬಿಚ್ಚಿ ನೋಡಿದೆ. ಒಳಗೆ ಕ್ಲಚ್ ಸವೆದುಹೋಗಿತ್ತು, ಹೊಸದು ಬರಲು ತಿಂಗಳು ಬೇಕಿತ್ತು. ಮ್ಯಾನೇಜರ್ ಗೋಪಾಲಕೃಷ್ಣ ರಿಜಿಸ್ಟರನ್ನು ನನ್ನ ಮುಂದೆ ತಳ್ಳಿದರು.

"ಸರಿಯಿದೆ ಅಂತ ಬರೀರಿ ಉಪೇಂದ್ರ. ನಿಮ್ಮ ಕನ್ಫರ್ಮೇಷನ್ ಲೆಟರ್ ನನ್ನ ಟೇಬಲ್ ಮೇಲೇ ಇದೆ."

ಬರೆದೆ.

ಆ ಪ್ರೆಸ್ ನಡೆಸುತ್ತಿದ್ದವನು ಪಕ್ಕದ ಹಳ್ಳಿಯ ಸೊಣ್ಣಪ್ಪ. ಸೋಮವಾರದಿಂದ ಮತ್ತೆ ಅಲ್ಲೇ ನಿಲ್ಲಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಅವನಿಗೆ ಹೇಳಿಯಾಗಿತ್ತು. ಶುಕ್ರವಾರ ಊಟದ ಹೊತ್ತಿಗೆ ನನ್ನ ಬಳಿ ಬಂದ.

"ಬಿಚ್ಚಿ ನೋಡಿದೋರು ನೀವು. ನಿಂತ್ಕೊಳ್ಳಾ ಸಾರ್, ಬ್ಯಾಡ್ವಾ?"

"ರಿಜಿಸ್ಟರ್‌ನಲ್ಲಿ ಬರೆದಿದೆ, ನೋಡ್ಕೋ ಹೋಗು."

"ನಂಗೆಲ್ಲಿ ಓದಾಕ್ ಬತ್ತದೆ? ಓಗ್ಲಿ ಬುಡಿ, ಸಂಜೆ ಕೋಡಿಯಮ್ಮನ್ನ ಕೇಳ್ತೀನಿ. ಅಮ್ಮ ಬ್ಯಾಡ ಅಂದ್ರೆ ಕೆಲ್ಸ ಓದ್ರೂ ಓಗ್ಲಿ."

ನನಗೆ ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಉತ್ತರ ಕೊಡಲಾಗದ ನಾನು ಅವನ ದೇವಿಯ ಮೇಲೆ ಹರಿಹಾಯ್ದೆ. ನಿನ್ನ ಅಮ್ಮ ಎಷ್ಟು ನಿಜ ಹೇಳುತ್ತಾಳೋ ಇವತ್ತು ತೋರಿಸುತ್ತೇನೆ ಎಂದುಕೊಂಡೆ.

ಕೋಡಿಯಮ್ಮನ ಗುಡಿ ಕಾರ್ಖಾನೆಯ ಕಾಂಪೌಂಡಿನ ಹಿಂದೆ, ಕೆರೆ ಏರಿಯ ಮೇಲಿತ್ತು. ಪೂಜಾರಿ ಲಕ್ಷ್ಮಯ್ಯ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಿದ್ದ. ಪ್ರಶ್ನೆ ಕೇಳಿದ ಮೇಲೆ ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಂದು ಪ್ರಶ್ನೆಗೆ ಹೂ ಬೀಳುವ ತನಕ ಇನ್ನೊಂದು ಕೇಳುವಂತಿಲ್ಲ ಎಂಬುದು ಅಲ್ಲಿಯ ಕಟ್ಟಳೆ. ನನಗೂ ಅದು ಗೊತ್ತಿತ್ತು. ಸೊಣ್ಣಪ್ಪ, ಅವನ ಹೆಂಡತಿ ಚಿಕ್ಕಮುನಿಯಮ್ಮ ಬಂದು ನಿಲ್ಲುವಷ್ಟರಲ್ಲಿ ನಾನು ಮುಂದೆ ಹೋಗಿ ಕೈಮುಗಿದು ಗಟ್ಟಿಯಾಗಿ ಕೇಳಿದೆ.

"ಅಮ್ಮಾ, ನಾನೀಗ ಕೇಳ್ತಿರೋ ಈ ಪ್ರಶ್ನೆಗೆ ನೀನು ಎಡಗಡೆ ಹೂ ಕೊಡ್ತೀಯಾ?"

ಬಲಗಡೆಯದು ಬಿದ್ದರೆ 'ಹೌದು, ಎಡಗಡೆಯದು ಕೊಡುತ್ತೇನೆ' ಎಂದಂತೆ, ಆದರೆ ಬಿದ್ದದ್ದು ಬಲಗಡೆಯದು. ಎಡಗಡೆಯದು ಬಿದ್ದರೆ 'ಇಲ್ಲ, ಎಡಗಡೆಯದು ಕೊಡುವುದಿಲ್ಲ' ಎಂದಂತೆ, ಆದರೆ ಬಿದ್ದದ್ದು ಅದೇ. ಹೇಗೆ ಬಿದ್ದರೂ ಅಮ್ಮ ಸುಳ್ಳಿ. ಹೂವೆಂದ ಮೇಲೆ ಬಿದ್ದೇ ಬೀಳುತ್ತದೆ, ಆಗ ಎಲ್ಲರೆದುರು ನಗಬಹುದು ಎಂದು ಕಾದೆ.

ಬೀಳಲಿಲ್ಲ. ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಬೀಳುವ ಹೂಗಳು ಕತ್ತಲಾದರೂ ಅಲ್ಲೇ ಇದ್ದವು. ಕೆರೆಯ ಕಡೆಯಿಂದ ಗಾಳಿ ಬೀಸಿ ದೀಪ ಆರಿಹೋಯಿತು. ಲಕ್ಷ್ಮಯ್ಯ ಮತ್ತೆ ಹಚ್ಚಿ ನೋಡಿದರೆ ಒಂದು ಎಸಳೂ ಅಲುಗಿರಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಅದೇನ್ ಕೇಳಿದ್ರಿ ಸಾಮಿ? ಅಮ್ಮನ ಬಾಯಿ ಕಟ್ದಂಗಾಗದೆ."

ವಿವರಿಸಿದೆ. ಯಾರೂ ನಗಲಿಲ್ಲ.

"ನಿಮ್ಮ ಪ್ರಶ್ನೆ ವಾಪಸ್ ತಗೊಳ್ಳಿ ಸಾರ್," ಎಂದಳು ಚಿಕ್ಕಮುನಿಯಮ್ಮ. "ನಮ್ದು ಕೇಳ್ಬೇಕು."

"ಕೇಳಿದ್ದು ಕೇಳ್ದಂಗೇ ಕಣವ್ವ. ವಾಪಸ್ ತಗೊಳ್ಳಾಕಾಗಲ್ಲ," ಎಂದ ಲಕ್ಷ್ಮಯ್ಯ.

ಶನಿವಾರ, ಭಾನುವಾರ ಅವರಿಬ್ಬರೂ ಗುಡಿಯ ಮುಂದೆ ಕೂತಿದ್ದರಂತೆ. ಹೂ ಬಾಡಿ ಕಪ್ಪಾಗಿ ಕಲ್ಲಿಗೇ ಅಂಟಿಕೊಂಡವು. ಸೋಮವಾರ ಬೆಳಿಗ್ಗೆ ಸೊಣ್ಣಪ್ಪ ಪ್ರೆಸ್ಸಿನ ಮುಂದೆ ನಿಂತಿದ್ದ.

"ಅಮ್ಮ ಬ್ಯಾಡ ಅನ್ನಲಿಲ್ಲವಲ್ಲ ಸಾರ್," ಎಂದು ನನ್ನ ಮುಖ ನೋಡಿದ. ಒಂದೇ ಒಂದು ಮಾತು ಸಾಕಿತ್ತು. ಪಕ್ಕದಲ್ಲಿ ಗೋಪಾಲಕೃಷ್ಣ ನಿಂತಿದ್ದರು. ನಾನು ಟೂಲ್ ಬಾಕ್ಸ್ ಎತ್ತಿಕೊಂಡು ಆಚೆ ಹೋದೆ.

ಹತ್ತು ಗಂಟೆಯ ಹೊತ್ತಿಗೆ ಮೂರನೇ ಪ್ರೆಸ್ಸಿನಿಂದ ಎರಡು ಸದ್ದು ಕೇಳಿಸಿತು, ಒಂದರ ಬೆನ್ನಿಗೆ ಇನ್ನೊಂದು. ಆಮೇಲೆ ಸೊಣ್ಣಪ್ಪನ ಕೂಗು.

ಹದಿನೈದು ದಿನದ ನಂತರ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಬಲಗೈಯಿದ್ದ ಕಡೆ ಬಟ್ಟೆ ಸುತ್ತಿಕೊಂಡು ಸೊಣ್ಣಪ್ಪ ಕೂತಿದ್ದ. ಬಾಗಿಲಲ್ಲಿ ಚಿಕ್ಕಮುನಿಯಮ್ಮ ನಿಂತಿದ್ದಳು. ವಿಚಾರಣೆ ನಡೆಸಲು ಕಾರ್ಖಾನೆಯವರು ಕರೆಸಿದ್ದ ವಕೀಲರು ನನ್ನ ಕಡೆ ತಿರುಗಿದರು.

"ಯಂತ್ರ ಕೆಟ್ಟಿದೆ ಅಂತ ನಿಮಗೆ ಗೊತ್ತಿತ್ತಾ? ಹೌದು, ಇಲ್ಲ, ಅಷ್ಟು ಹೇಳಿ ಸಾಕು."

ಹೌದು ಎಂದರೆ ನಾನು ಬರೆದದ್ದು ಸುಳ್ಳು, ಇಲ್ಲ ಎಂದರೆ ಈಗ ಹೇಳುವುದು ಸುಳ್ಳು. ಬಾಯಿ ಕಟ್ಟಿಹೋಯಿತು. ಕೋಡಿಯಮ್ಮನಿಗೂ ಹೀಗೇ ಆಗಿರಬೇಕು ಎಂದು ನೆನೆದು, ಆ ಗಳಿಗೆಯಲ್ಲೂ ಒಂದಿಷ್ಟು ಸಮಾಧಾನಪಟ್ಟುಕೊಂಡೆ. ಥೂ ನನ್ನ ಜನ್ಮಕ್ಕೆ.

ಚಿಕ್ಕಮುನಿಯಮ್ಮ ಬಾಗಿಲಿಂದಲೇ ಹೇಳಿದಳು.

"ನೀವು ಅಮ್ಮನ್ನ ಕೇಳಿದ್ದು ಎಂಗೆ ಏಳಿದ್ರೂ ಸುಳ್ಳಾಗೋ ಪ್ರಶ್ನೆ ಸಾರ್. ನಮ್ಮೋರು ನಿಮ್ಮನ್ನ ಕೇಳಿದ್ದು ಅಂಗಿರಲಿಲ್ಲವಲ್ಲ."

ನಾನು ತಲೆಯೆತ್ತಲಿಲ್ಲ. ವಕೀಲರು ರಿಜಿಸ್ಟರಿನಲ್ಲಿ ನಾನು ಬರೆದದ್ದನ್ನು ನೋಡಿ, ಕೆಲಸಗಾರನ ಅಜಾಗರೂಕತೆ ಎಂದು ಬರೆದುಕೊಂಡರು.

ತಿಂಗಳ ಕೊನೆಗೆ ನನ್ನ ಕೆಲಸ ಖಾಯಂ ಆಯಿತು.