ಇಂದ್ರಮ್ಮ ಊಟಿ ನೋಡಿದ್ದು

ಯಲಿಯೂರಿನ ಇಂದ್ರಮ್ಮ ಜಗುಲಿಯ ಮೇಲೆ ಕುಳಿತು ಕೀರೆ ಸೊಪ್ಪು ಸೋಸುತ್ತಿದ್ದಳು. ಮಾರನೆಯ ದಿನ ಬೆಳಗಿನ ಜಾವ ಊಟಿಗೆ ಹೊರಡಬೇಕು. ಪಕ್ಕದ ಮನೆಯ ನಾಗರಾಜುವಿನ ಜೊತೆ ಸೇರಿ ವ್ಯಾನು ಗೊತ್ತುಮಾಡಿದ್ದರು. ಅವಳ ಪಕ್ಕದಲ್ಲಿ ರಾಗಿ ಹಿಟ್ಟಿನ ಡಬ್ಬ, ಈರುಳ್ಳಿ ಚೀಲ, ಗ್ಯಾಸ್ ಸ್ಟವ್, ದೊಡ್ಡ ಪಾತ್ರೆ, ಮುದ್ದೆ ತಿರುವುವ ಕೋಲು ಎಲ್ಲ ಆಗಲೇ ಬಂದು ಕುಳಿತಿದ್ದವು. ಹೊರಗಿನವರು ನೋಡಿದರೆ, ಇವರು ಹೊರಟದ್ದು ಪ್ರವಾಸಕ್ಕೋ ಬೇರೆ ಸಂಸಾರ ಹೂಡುವುದಕ್ಕೋ ಎಂದು ಕೇಳಬೇಕು. ನಮ್ಮ ಮಂಡ್ಯದ ಕಡೆ ಯಾರೂ ಕೇಳುವುದಿಲ್ಲ. ಇಲ್ಲಿನ ಗಂಡಸರಿಗೆ ದೇವಲೋಕಕ್ಕೆ ಹೋದರೂ ಮಧ್ಯಾಹ್ನಕ್ಕೆ ಮುದ್ದೆ ಬೇಕು. ಅಲ್ಲಿ ಅಮೃತ ಬಡಿಸಿದರೆ, ಇದಕ್ಕೆ ಉಪ್ಪು ಸಾಲದು ಅನ್ನುವ ಪೈಕಿ.

ಸೊಸೆ ವೀಣ ಬಂದು ಸೊಪ್ಪಿಗೆ ಕೈಹಾಕಿದಳು. ಹೋದ ವರ್ಷ ಮದ್ದೂರಿನಿಂದ ಮದುವೆಯಾಗಿ ಬಂದವಳು. ಊಟಿಯನ್ನು ಇನ್ನೂ ನೋಡಿರಲಿಲ್ಲ. ಅತ್ತೆ ಮೂರು ಸಲ ಹೋಗಿ ಬಂದವಳು ಎಂದು ಕೇಳಿದ್ದರಿಂದ ಅವಳ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಅಲ್ಲಿಯ ಹೂದೋಟ ಅಷ್ಟು ದೊಡ್ಡದಂತೆ, ಹೌದಾ? ಗಾಜಿನ ಮನೆಯೊಳಗೆ ಏನೇನು ಹೂವಿರುತ್ತೆ? ಮರವೊಂದು ಕಲ್ಲಾಗಿ ಬಿದ್ದಿದೆಯಂತೆ, ಮುಟ್ಟೋಕೆ ಬಿಡ್ತಾರಾ? ಇಂದ್ರಮ್ಮನ ಕೈ ನಿಂತಿತು. "ಎಲ್ಲಾ ಇರ್ತದೆ ಕಣವ್ವ," ಎಂದು ತೇಲಿಸಿದಳು.

ಇರುತ್ತದೋ ಇಲ್ಲವೋ, ಅವಳಿಗೇನು ಗೊತ್ತು? ಮೂರು ಸಲವೂ ವ್ಯಾನು ತೋಟದ ಹತ್ತಿರದ ಬಯಲಿನಲ್ಲಿ ನಿಂತಿತ್ತು. ಗಂಡಸರೂ ಮಕ್ಕಳೂ ಟೋಪಿ ಹಾಕಿಕೊಂಡು ಒಳಗೆ ಹೋಗಿದ್ದರು. ಇಂದ್ರಮ್ಮ ವ್ಯಾನಿನ ಮಗ್ಗುಲಲ್ಲಿ ಸ್ಟವ್ ಹಚ್ಚಿ ಎಸರಿಟ್ಟಿದ್ದಳು. ಅವರು ಬರುವ ಹೊತ್ತಿಗೆ ಮುದ್ದೆ, ಬಸ್ಸಾರು ತಯಾರು. ಅವರು ಉಂಡರೆ ಪಾತ್ರೆ ತೊಳೆಯಬೇಕು, ತೊಳೆದರೆ ಕತ್ತಲಾಗುತ್ತದೆ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುತ್ತಾರೆ. ಹಿಟ್ಟು ತಿರುವಿದವಳು ಬೆಟ್ಟವನ್ನು ನೋಡಲೂ ಇಲ್ಲ.

ಬಲವಂತ ಮಾಡಿದವರು ಯಾರೂ ಇಲ್ಲ, ಅದೇ ಕಷ್ಟ. ಇಂದ್ರಮ್ಮನ ಕೈಯ ಮುದ್ದೆಯಲ್ಲಿ ಒಂದು ಗಂಟಿರುವುದಿಲ್ಲ ಎಂದು ಇಡೀ ಬೀದಿ ಹೊಗಳುತ್ತಿತ್ತು. ಆ ಹೊಗಳಿಕೆಗೆ ಅವಳೂ ಉಬ್ಬುತ್ತಿದ್ದಳು. ಉಬ್ಬಿಕೊಂಡೇ ಮೂರು ಸಲ ಊಟಿಯನ್ನು ಕಳೆದುಕೊಂಡಿದ್ದಳು.

ಸಂಜೆ ಗದ್ದೆಯಿಂದ ಬಂದ ಗಂಡ ಕೆಂಪರಾಜು ಸಾಮಾನನ್ನೆಲ್ಲ ನೋಡಿ ಸಂತೋಷಪಟ್ಟ. ಕೆಟ್ಟ ಮನುಷ್ಯನಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ, ಕುಡಿದು ಬಂದವನಲ್ಲ. "ಈ ಸಲ ನಿಂಗೇನಮ್ಮಿ, ಸೊಸೆ ಅವ್ಳೆ. ಕೈಯಾಳಾಯ್ತು," ಎಂದು ನಕ್ಕ. ವೀಣಳೂ ಮರ್ಯಾದೆಗೆ ನಕ್ಕಳು. ಇಂದ್ರಮ್ಮ ನಗಲಿಲ್ಲ. ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಮುದ್ದೆ ಕೋಲನ್ನು ಮನೆಯಲ್ಲೇ ಬಿಟ್ಟು, ಮರೆತೆ ಎಂದುಬಿಟ್ಟರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿದಳು. ಥೂ, ಅದೇನು ಕಳ್ಳ ಬುದ್ಧಿ ಎಂದು ತನ್ನನ್ನೇ ಬೈದುಕೊಂಡಳು. ಹೂವು ನೋಡುವುದಕ್ಕೆ ಯಾಕೆ ಸುಳ್ಳು ಹೇಳಬೇಕು? ನೋಡಬೇಕು ಅಂದರೆ ನೋಡಬೇಕು, ಅಷ್ಟೇ. ಕೋಲನ್ನು ತಾನೇ ವ್ಯಾನಿಗಿಟ್ಟಳು.

ಬಂಡೀಪುರದ ಕಾಡು ದಾಟಿ, ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಊಟಿ ಮುಟ್ಟಿದಾಗ ಬಿಸಿಲಿದ್ದರೂ ಕೈ ಮರಗಟ್ಟುವ ಚಳಿ. ವ್ಯಾನು ಅದೇ ಬಯಲಿನಲ್ಲಿ ನಿಂತಿತು. ಕೆಂಪರಾಜು ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಎರಡು ಗಂಟೆ ಬಿಟ್ಟು ಬರುತ್ತೇವೆ, ಮುದ್ದೆ ಬಿಸಿಯಾಗಿರಲಿ ಎಂದು ಹೇಳಿ ಹೊರಟ. ನಾಗರಾಜು, ವೀಣಳ ಗಂಡ ಸ್ವರೂಪ್ ಹಿಂದೆಯೇ ಹೊರಟರು. ಇಂದ್ರಮ್ಮ ಸ್ಟವ್ ಇಳಿಸಲಿಲ್ಲ. ಶಾಲು ಹೊದ್ದು ವೀಣಳ ಕೈ ಹಿಡಿದು ಅವರ ಮುಂದೆ ಬಂದು ನಿಂತಳು. ತಾವಿಬ್ಬರೂ ತೋಟ ನೋಡಿ ಬರುತ್ತೇವೆ, ಅಡುಗೆ ನೀವು ಮಾಡಿ ಎಂದಳು.

ನಾಗರಾಜು ತಮಾಷೆ ಎಂದುಕೊಂಡು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಎಲ್ಲರೂ ಹೋಟೆಲಿನಲ್ಲಿ ಉಂಡರಾಯಿತು ಎಂದು ಸ್ವರೂಪ್ ನಡುವೆ ಬಾಯಿ ಹಾಕಿದ.

"ನಂಗೆ ಸಕ್ಕರೆ ಕಾಯಿಲೆ ಅದೆ, ಓಟ್ಲು ಅನ್ನ ಆಗಕಿಲ್ಲ. ನಿಂಗೆ ಗೊತ್ತಿಲ್ವಾ?" ಎಂದ ಕೆಂಪರಾಜು. ಅದು ನೆಪವಲ್ಲ, ಡಾಕ್ಟರು ಹೇಳಿದ್ದು ನಿಜವೇ.

"ಗೊತ್ತದೆ. ಅದ್ಕೇ ರಾಗಿ ಇಟ್ಟು ತಂದಿವ್ನಿ, ಸೊಪ್ಪು ಸೋಸಿ ತಂದಿವ್ನಿ, ಕಾಳು ಬೇಯ್ಸಿ ತಂದಿವ್ನಿ. ತಿರುವೋದೊಂದು ಬಾಕಿ. ನಿಮ್ಗೂ ಎರಡು ಕೈ ಅವೆ."

"ನಾವು ಮಾಡಿದ್ರೆ ಉಣ್ಣಕ್ಕಾಯ್ತದಾ? ನಿನ್ ಕೈ ರುಚಿ ಬತ್ತದಾ?"

"ಆ ಮಾತ್ಗೇ ಮೂರು ಸಲ ಬಿದ್ದೆ," ಎಂದಳು ಇಂದ್ರಮ್ಮ, ದನಿ ಏರಿಸದೆ. "ಊಟೀಲಿ ಏನ್ ನೋಡಿವ್ನಿ ಕೇಳಿ. ಈ ವ್ಯಾನಿನ ಚಕ್ರ ನೋಡಿವ್ನಿ."

ವೀಣ ತಡೆದು, ತಾನು ಇದ್ದು ಅಡುಗೆ ಮಾಡುತ್ತೇನೆ, ಅತ್ತೆ ಹೋಗಿ ಬರಲಿ ಎಂದಳು. ಇಂದ್ರಮ್ಮ ಸೊಸೆಯ ಕೈ ಬಿಡಲಿಲ್ಲ. "ಇವತ್ತು ನೀನು ಕೂತ್ರೆ, ನಾಳೆ ಇಲ್ಲಿ ನಿನ್ ಸೊಸೆ ಕೂತಿರ್ತಾಳೆ. ನಡಿ," ಎಂದು ಟಿಕೆಟ್ ಕೊಡುವ ಕಡೆ ನಡೆದೇಬಿಟ್ಟಳು. ಹಿಂದಿರುಗಿ ನೋಡಲಿಲ್ಲ.

ಒಳಗೆ ಹೋದರೂ ಮೊದಮೊದಲು ಅವಳ ಮನಸ್ಸು ಒಳಗೆ ಬರಲಿಲ್ಲ. ಎಸರು ಕುದಿಯಿತೋ ಇಲ್ಲವೋ, ಹಿಟ್ಟನ್ನು ಒಟ್ಟಿಗೇ ಸುರಿದುಬಿಟ್ಟರೋ ಏನೋ ಎಂದು ಹುಲ್ಲುಹಾಸಿನ ಮೇಲೆ ನಿಂತು ಗೊಣಗಿದಳು. ವೀಣ ಅವಳನ್ನು ಎಳೆದುಕೊಂಡೇ ಗಾಜಿನ ಮನೆಗೆ ಹೋದಳು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕುಂಡಗಳ ತುಂಬ ಹೂವು. ಕೆಂಪು, ನೇರಳೆ, ಹೆಸರೇ ಇಲ್ಲದಂಥ ಬಣ್ಣಗಳು. ಇಂದ್ರಮ್ಮನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೂ ಬಂತು, ಹೊಟ್ಟೆಯುರಿಗೂ ಬಂತು. ಇಷ್ಟು ಹತ್ತಿರವಿತ್ತಲ್ಲ, ಒಂದು ಗೋಡೆಯಾಚೆ ಕೂತು ನಾನು ಈರುಳ್ಳಿ ಹೆಚ್ಚುತ್ತಿದ್ದೆನಲ್ಲ ಎಂದು ಸಂಕಟವಾಯಿತು. ಆಮೇಲೆ ಎಸರಿನ ಯೋಚನೆ ಬರಲಿಲ್ಲ. ಕಲ್ಲಾದ ಮರವನ್ನೂ ನೋಡಿದರು, ಇಳಿಜಾರಿನ ತುದಿಯವರೆಗೂ ಹತ್ತಿದರು, ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತರು. ಗಂಡನ ಫೋನು ಬಂದಾಗ, ಇನ್ನೂ ಅರ್ಧ ನೋಡುವುದಿದೆ, ಹಸಿವಾದರೆ ಉಂಡುಬಿಡಿ ಎಂದಳು.

ಅವರು ಹೊರಗೆ ಬಂದಾಗ ಗಂಡಸರು ಉಣ್ಣದೆ ಕಾದಿದ್ದರು. ನಾಗರಾಜು ಬೆರಳು ಸುಟ್ಟುಕೊಂಡಿದ್ದ. ಈರುಳ್ಳಿ ಹೆಚ್ಚಿದ ಸ್ವರೂಪನ ಕಣ್ಣು ಕೆಂಪಾಗಿತ್ತು. ಕೆಂಪರಾಜು ಹೆಂಡತಿಯ ತಟ್ಟೆಗೆ ಒಂದು ಮುದ್ದೆ ಇಟ್ಟು ಅವಳ ಮುಖವನ್ನೇ ನೋಡಿದ. ಇಂದ್ರಮ್ಮ ತುತ್ತು ಮುರಿದು ಸಾರಿಗದ್ದಿ ನುಂಗಿದಳು.

"ಗಂಟವೆ," ಎಂದಳು. "ನಾಳೆ ಸರಿಯಾಗಿ ಮಾಡಿ."

ನಾಳೆ ಎಂಬ ಮಾತಿಗೆ ನಾಗರಾಜು ತಲೆಯೆತ್ತಿದ. ಕೆಂಪರಾಜು ಜಗಳಕ್ಕೆ ಬರಲಿಲ್ಲ. ಉಂಡು ಮುಗಿಸಿ, ತಗ್ಗಿದ ದನಿಯಲ್ಲಿ ಕೇಳಿದ: "ಈ ಗಾಳೀಲಿ ಒಲೆ ಗಳ್ಗೆ ಗಳ್ಗೆಗೂ ಆರೋಯ್ತದೆ. ನೀನೊಬ್ಳೇ ಎಂಗ್ ಮಾಡ್ತಿದ್ದೆ?"

"ಬೆನ್ನ ಗಾಳಿಗೆ ಕೊಟ್ಕೊಂಡು ಕೂತ್ಕೋತಿದ್ದೆ."

ಕೆಂಪರಾಜು ಆ ಬೆನ್ನನ್ನು ಒಂದು ಸಲ ನೋಡಿ ಕಣ್ಣು ಕೆಳಗೆ ಹಾಕಿದ.

ಊಟವಾದ ಮೇಲೆ ವೀಣ ಅಭ್ಯಾಸದಂತೆ ಪಾತ್ರೆಗೆ ಕೈಹಾಕಿದಳು. ಮಾವ ಅದನ್ನು ಕಸಿದುಕೊಂಡು ನಲ್ಲಿಯ ಹತ್ತಿರ ಹೋದ. ಕೆರೆಯಲ್ಲಿ ದೋಣಿ ಬಿಡುವ ಹೊತ್ತು ಮೀರುತ್ತದೆ, ತೊಳೆಯೋದು ಹೆಂಗಸರಿಗೆ ಬಿಟ್ಟು ಬಾ ಎಂದು ನಾಗರಾಜು ಅವಸರ ಮಾಡಿದ. ಕೆಂಪರಾಜು ಅವನನ್ನು ದುರುಗುಟ್ಟಿಕೊಂಡು ನೋಡಿ, "ನಿಂಗ್ ಬೇಕಾದ್ರೆ ನೀನೋಗ್ಲಾ," ಎಂದ. ನೀರು ಮಂಜುಗಡ್ಡೆಯಂತಿತ್ತು. ತಳ ಹಿಡಿದ ಹಿಟ್ಟು ಎಷ್ಟು ಉಜ್ಜಿದರೂ ಬಿಡದು. ಬೆರಳು ಸೆಟೆದುಕೊಂಡವು, ಆದರೂ ಅವನು ಏಳಲಿಲ್ಲ.

ಇಂದ್ರಮ್ಮ ಬಂದು ಪಕ್ಕದಲ್ಲಿ ನಿಂತಳು. ಕೆಂಪಾದ ಆ ಕೈಗಳನ್ನು ನೋಡಿ ಅಯ್ಯೋ ಅನ್ನಿಸಿತು. ತಾನೇ ಕೂತು ತೊಳೆದುಬಿಡಲೇ ಎಂದು ಅವಳ ಕೈ ಮುಂದಕ್ಕೂ ಬಂತು. ಅದನ್ನು ಶಾಲಿನೊಳಗೆ ಬಿಗಿಯಾಗಿ ಹಿಡಿದುಕೊಂಡಳು.

"ನೀರ್ ತುಂಬಿ ಬುಡಿ, ನೆನೀಲಿ," ಎಂದಳು. "ದೋಣೀಲಿ ಓಗ್ಬರೋ ಹೊತ್ಗೆ ಮೆತ್ತಗಾಗಿರ್ತದೆ. ಬನ್ನಿ."

ಕೆಂಪರಾಜು ಎದ್ದು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಎರಡು ಹೆಜ್ಜೆ ನಡೆದವನು ನಿಂತು ತಿರುಗಿದ. "ಪಾತ್ರೆ ತಾವ ಯಾರಿರ್ತಾರೆ?"

"ಯಾರೂ ಬ್ಯಾಡ," ಎಂದಳು ಇಂದ್ರಮ್ಮ. ವೀಣಳನ್ನು ಕರೆದುಕೊಂಡು ಕೆರೆಯ ದಾರಿ ಹಿಡಿದಳು.