ಭಾನುವಾರಕ್ಕೆ ಖಾಲಿಯಾಗದ ಮನೆ

ಸುಗ್ಗಿ ಬಂತೆಂದರೆ ಆ ಕಣಿವೆಯ ಪುಟ್ಟ ನಗರದಲ್ಲಿ ಬಾಡಿಗೆ ಮನೆಗಳಿಗೆ ಕೋಡು ಮೂಡುತ್ತದೆ. ಹಣ್ಣು ಕೊಳ್ಳಲು ಬಂದಿಳಿದ ವ್ಯಾಪಾರಿಗಳು ಕೇಳಿದಷ್ಟು ಬಾಡಿಗೆ ಕೊಡುತ್ತಾರೆ, ಓನರ್‌ಗಳು ಹಳೆಯ ಬಾಡಿಗೆದಾರರನ್ನು ಬಿಡಿಸಿಬಿಡುತ್ತಾರೆ. ಹೀಗಾಗಿಯೇ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ ಸಂಸಾರ ಎರಡು ವರ್ಷದಲ್ಲಿ ಎರಡು ಸಲ ಗಂಟುಮೂಟೆ ಕಟ್ಟಿತ್ತು. ಎರಡನೆಯ ಸಲ ಮಗಳು ವರ್ಷದ ನಡುವೆ ಶಾಲೆ ಬಿಡಬೇಕಾಯಿತು. ಹೊಸ ಶಾಲೆಯಲ್ಲಿ ತಿಂಗಳುಗಟ್ಟಲೆ ಅವಳು ಯಾರ ಜೊತೆಗೂ ಮಾತಾಡಲಿಲ್ಲ.

ಮೂರನೆಯ ಮನೆ ಸಿಕ್ಕಿತು. ಮಹಡಿಯಲ್ಲಿ ಎರಡು ಕೋಣೆ, ಅಡುಗೆಮನೆಯ ಕಿಟಕಿ ತೆರೆದರೆ ಕೋಲ್ಡ್ ಸ್ಟೋರೇಜಿನ ಲಾರಿಗಳ ಸಾಲು.

“ಈ ಸಲ ಕರಾರು ಪತ್ರ ಮಾಡಿಸೋಣ ರೀ,” ಎಂದಳು ಹೆಂಡತಿ. ಪ್ಯಾಕಿಂಗ್ ಶೆಡ್ಡಿನಲ್ಲಿ ಹಣ್ಣು ವಿಂಗಡಿಸುವವಳು ಆಕೆ. ಕೊಳೆಯುವುದನ್ನು ಮೊದಲೇ ಗುರುತಿಸುವ ಕಣ್ಣು.

“ಓನರ್ ದೇವರಂಥ ಮನುಷ್ಯ ಕಣೇ. ಪತ್ರ ಗಿತ್ರ ಅಂದ್ರೆ ಬೇಜಾರು ಮಾಡ್ಕೋತಾರೆ. ಸಿಕ್ಕಿದ ಮನೆಗೂ ಕಲ್ಲು ಹಾಕ್ಬೇಡ.”

ಮೆಟ್ಟಿಲಿಳಿಯುತ್ತಾ ಆಡಿದ ಈ ಮಾತು ಕೇಳಿ, ಅದೇ ಓನರ್‌ನ ಕೆಳಮನೆಯಲ್ಲಿದ್ದ ಟೈಲರ್ ಅಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿದಳು. “ಅಲ್ಲಪ್ಪಾ, ದೇವರಂಥವರಾದ್ರೆ ಸಹಿ ಹಾಕೋಕೆ ಕೈನೋವಾ? ಹತ್ತು ವರ್ಷದಿಂದ ನನ್ನ ಹತ್ರ ಪತ್ರ ಇದೆ. ಅದು ಅನುಮಾನಕ್ಕಲ್ಲ, ಆಡಿದ ಮಾತು ಇಬ್ರಿಗೂ ನೆನಪಿರಲಿ ಅಂತ.”

ಮೆಕ್ಯಾನಿಕ್ ಒಲ್ಲದ ಮನಸ್ಸಿನಿಂದಲೇ ಹೋಗಿ ಕೇಳಿದ.

“ನನ್ನ ಮೇಲೆ ನಂಬಿಕೆ ಇಲ್ವೇನಯ್ಯಾ?” ಎಂದರು ಮನೆಯ ಓನರ್.

“ಹಾಗಲ್ಲ ಸಾರ್... ಟೈಲರ್ ಅಕ್ಕನಿಗೆ ಕೊಟ್ಟಿದ್ದೀರಂತೆ. ನಮಗೂ ಒಂದು ಕೊಡಿ.”

ಅವರು ಗೊಣಗುತ್ತಲೇ ಸಹಿ ಹಾಕಿದರು. ಹನ್ನೊಂದು ತಿಂಗಳ ಕರಾರು, ನಡುವೆ ಬಾಡಿಗೆ ಏರಿಸುವಂತಿಲ್ಲ, ಬಿಡುವುದಿದ್ದರೂ ಬಿಡಿಸುವುದಿದ್ದರೂ ಎರಡು ತಿಂಗಳು ಮೊದಲೇ ಬರೆದು ತಿಳಿಸಬೇಕು.

ಆರು ತಿಂಗಳಾಯಿತು. ಸುಗ್ಗಿ ಬಂತು. ಒಂದು ಸಂಜೆ ಓನರ್ ಬಾಗಿಲಲ್ಲಿ ನಿಂತಿದ್ದರು.

“ಭಾನುವಾರದೊಳಗೆ ಖಾಲಿ ಮಾಡ್ಬಿಡಿ. ವ್ಯಾಪಾರಿಯೊಬ್ರು ಎರಡರಷ್ಟು ಕೊಡ್ತಾರಂತೆ.”

“ಆಯ್ತು ಸಾರ್” ಎಂಬ ಹಳೆಯ ಮಾತು ಮೆಕ್ಯಾನಿಕ್ಕನ ತುಟಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಹಿಂದೆ ಸದ್ದಾಯಿತು. ಸೋಮವಾರ ಪರೀಕ್ಷೆಯಿದ್ದ ಮಗಳು, ಯಾರೂ ಹೇಳದೆಯೇ, ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದ್ದಳು.

ಅವನು ಒಳಗೆ ಹೋಗಿ ಪೆಟ್ಟಿಗೆಯಿಂದ ಪತ್ರ ತಂದು ಓನರ್ ಕೈಗಿಟ್ಟ.

ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಇದಕ್ಕೆ ನಾನೇ ಒಪ್ಪಿದ್ನಾ?”

“ನೀವೇ ಸಾರ್. ನಾವೂ ಒಪ್ಪಿದ್ದೀವಿ. ನಾವು ಬಿಡೋದಾದ್ರೂ ಹೇಳದೆ ಕೇಳದೆ ಬಿಡೋ ಹಾಗಿಲ್ಲ,” ಎಂದ ಮೆಕ್ಯಾನಿಕ್.

ಓನರ್ ತಮ್ಮ ಸಹಿಯನ್ನು ನೋಡಿ, ಪತ್ರವನ್ನು ಮಡಚಿ ಹಿಂದಕ್ಕೆ ಕೊಟ್ಟು, “ಸರಿಯಪ್ಪಾ, ವ್ಯಾಪಾರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತೀನಿ,” ಎಂದು ಮೆಟ್ಟಿಲಿಳಿದರು.

ಮಗಳು “ಅಪ್ಪಾ!” ಎಂದು ಚೀಲವನ್ನು ನೆಲಕ್ಕೆ ಸುರಿದಳು. ಪುಸ್ತಕ, ಪೆನ್ಸಿಲ್ಲು ಎಲ್ಲ ಚೆಲ್ಲಾಪಿಲ್ಲಿ. ಬೈಯುವವರೇ ಇರಲಿಲ್ಲ.

ಮರುದಿನ ಮೆಕ್ಯಾನಿಕ್ ಎದೆಯುಬ್ಬಿಸಿ ವರ್ಕ್‌ಶಾಪಿನಲ್ಲಿ ಹೇಳುತ್ತಿದ್ದ: “ಪತ್ರ ಮಾಡಿಸ್ಬೇಕು ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ!” ಸುದ್ದಿ ಕೇಳಿ ಹೆಂಡತಿಯೂ ಟೈಲರ್ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಗ್ಗಿ ಮುಗಿಯುವುದರೊಳಗೆ ಆ ಬೀದಿಯ ಏಳು ಮನೆಗಳಲ್ಲಿ ಕರಾರು ಪತ್ರವಾಗಿತ್ತು.

ಅಕ್ಕ, ಅಣ್ಣ, ನೀವೂ ಬಾಡಿಗೆ ಮನೆಯಲ್ಲಿದ್ದೀರಾ? ಬಾಡಿಗೆ ಎಷ್ಟು, ಎಷ್ಟು ದಿನಕ್ಕೆ, ರಿಪೇರಿ ಯಾರದು, ಬಿಡಿಸಲು ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನೆಲ್ಲ ಬರೆಸಿ, ಓದಿ, ಇಬ್ಬರೂ ಸಹಿ ಹಾಕಿ. ಒಂದು ಪ್ರತಿ ನಿಮ್ಮ ಬಳಿಯೇ ಇರಲಿ. ಕೇಳಲು ಸಂಕೋಚ ಬೇಡ. ಇವತ್ತೇ ಕೇಳಿ.